ಲಿಂಗೈಕ್ಯ ಶ್ರೀ ಸೋಮಪ್ಪ ರಾಯಪ್ಪ ಬೊಮ್ಮಾಯಿಯವರ ಜೀವಿತಚರಿತ್ರೆ

ಹಿರಿಯರ ಹೆಸರು ಲೋಕದಲ್ಲಿ ಉಳಿಯುವ ಬಗೆಗಳು ಹಲವು. ಕೆರೆ ಕಟ್ಟಿಸಿದವರ ಹೆಸರು ಆ ಕೆರೆಗೇ ಅಂಟಿಕೊಂಡು ಉಳಿಯುತ್ತದೆ. ಮಠಕ್ಕೆ ಭೂಮಿಯನ್ನು ಧಾರೆಯೆರೆದವರ ಹೆಸರು ಶಿಲಾಶಾಸನದಲ್ಲಿ ಉಳಿಯುತ್ತದೆ. ಶಾಸ್ತ್ರಗ್ರಂಥವನ್ನು ರಚಿಸಿದವರ ಹೆಸರು ಓದುವವರ ನಾಲಗೆಯ ಮೇಲೆ ಉಳಿಯುತ್ತದೆ. ಆದರೆ ಒಬ್ಬರ ಹೆಸರು ಅವರು ಹೂಡಿದ ದಾವೆಯಿಂದ ಉಳಿಯುವುದೆಂದರೆ ಧಾರವಾಡ ಸೀಮೆಯ ಒಕ್ಕಲು ಮಕ್ಕಳಿಗೆ ಅದೊಂದು ಸೋಜಿಗವೇ ಸರಿ. ಬಾಂದಿನ ಕಲ್ಲಿಗಾಗಿ, ಬದುವಿನ ಜಾಲಿಗಾಗಿ ಮೂರು ತಲೆಮಾರು ಕಚೇರಿಗೆ ಅಲೆದು ಎತ್ತು ಹೊಲಗಳನ್ನು ಕಳೆದುಕೊಂಡ ಮನೆತನಗಳನ್ನು ಕಂಡ ಜನರು ಇವರು. ಗೆದ್ದವ ಸೋತ, ಸೋತವ ಸತ್ತ ಎಂಬ ನಾಡಮಾತು ಹುಟ್ಟಿದ್ದು ಇಂಥ ಅನುಭವದಿಂದಲೇ. ಹೀಗಿರಲು, ಇದೇ ಸೀಮೆಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿ, ರಾಜ್ಯದ ಮುಖ್ಯಮಂತ್ರಿಗಳಾಗಿ, ಆ ಪದವಿಯನ್ನು ಎಂಟು ತಿಂಗಳಲ್ಲಿ ಕಳೆದುಕೊಂಡು, ಅದರ ನ್ಯಾಯಾನ್ಯಾಯಗಳ ತೀರ್ಮಾನಕ್ಕಾಗಿ ರಾಷ್ಟ್ರದ ಅತ್ಯುಚ್ಚ ನ್ಯಾಯಪೀಠದವರೆಗೆ ಹೋದ ಸೋಮಪ್ಪ ರಾಯಪ್ಪ ಬೊಮ್ಮಾಯಿಯವರ ಹೆಸರನ್ನು ಭರತಖಂಡದ ಕಾಯದೆ ಕಲಿಯುವ ಹುಡುಗರೆಲ್ಲರೂ ಬಲ್ಲರು. ಆ ದಾವೆಯಲ್ಲಿ ಅವರು ಗೆದ್ದರು. ಆದರೆ ಗೆದ್ದ ವಸ್ತು ಅವರ ಕೈಗೆ ಬರಲಿಲ್ಲ.

ಸನ್ 1924ರ ಜೂನ್ 6ನೆಯ ತಾರೀಖಿಗೆ ಇವರ ಜನನವಾಯಿತು. ಶಿಗ್ಗಾಂವಿ-ಸವಣೂರು ಸೀಮೆಯ ಕಾರಡಗಿ ಇವರ ಹುಟ್ಟೂರು. ವೀರಭದ್ರದೇವರ ಸ್ಥಾನವೆಂದು ಶಿವಭಕ್ತರಿಗೆ ಪರಿಚಿತವಾದ ಗ್ರಾಮ. ಅಂದು ಅದು ಅಖಂಡ ಧಾರವಾಡ ಜಿಲ್ಲೆಯಲ್ಲಿದ್ದು, 1997ರಲ್ಲಿ ಜಿಲ್ಲೆಯ ವಿಭಾಗವಾದಾಗ ಹಾವೇರಿ ಜಿಲ್ಲೆಗೆ ಸೇರಿತು. ಮನೆತನವು ಸಾದರ ಲಿಂಗಾಯತರದು.

ಆ ಕಾಲದ ಧಾರವಾಡ ಸೀಮೆಯ ರಾಜಕೀಯ ಸ್ಥಿತಿಯನ್ನು ಈಗಿನ ತರುಣರು ಊಹಿಸುವುದು ಕಷ್ಟ. ನಡುವೆ ಮುಂಬಯಿ ಇಲಾಖೆಯ ಇಂಗ್ಲಿಷ್ ಆಡಳಿತ; ಪಕ್ಕದಲ್ಲಿ ಸವಣೂರಿನ ನವಾಬರ ಸಂಸ್ಥಾನ; ಕುಂದಗೋಳವು ಜಮಖಂಡಿಯ ಪಟವರ್ಧನರದು; ಶಿರಹಟ್ಟಿ ಸಾಂಗಲಿಯದು; ಲಕ್ಷ್ಮೇಶ್ವರವು ಮೀರಜದ್ದು; ಮೂಡಣಕ್ಕೆ ಸರಿದರೆ ನಿಜಾಮರ ಸೀಮೆ. ಸಂತೆಗೆಂದು ಚಕ್ಕಡಿ ಹೂಡಿ ಹೊರಟ ಒಬ್ಬ ಒಕ್ಕಲಿಗನು ಮಧ್ಯಾಹ್ನದ ಬುತ್ತಿ ಬಿಚ್ಚುವಷ್ಟರಲ್ಲಿ ಎರಡು ಮೂರು ಪ್ರಭುಗಳ ರಾಜ್ಯಗಳನ್ನು ದಾಟಿರುತ್ತಿದ್ದನು. ಅದೇ ಎರೆಮಣ್ಣು, ಅದೇ ಜೋಳ-ಹತ್ತಿ, ಅದೇ ಮಾತು, ಅದೇ ಮಠಗಳ ಶಿಷ್ಯತ್ವ; ಕಾಯದೆ ಮಾತ್ರ ಬೇರೆ ಬೇರೆ. ಒಂದು ಊರಿನಲ್ಲಿ ನ್ಯಾಯವಾದುದು ನೆರೆಯ ಊರಿನಲ್ಲಿ ನ್ಯಾಯವಲ್ಲ. ಅಧಿಕಾರವು ಎಲ್ಲಿಂದ ಬರುತ್ತದೆ, ಯಾರ ಒಪ್ಪಿಗೆಯಿಂದ ನಿಲ್ಲುತ್ತದೆ ಎಂಬ ಪ್ರಶ್ನೆಯು ಇಂಥ ಸೀಮೆಯಲ್ಲಿ ಬೆಳೆದ ಬುದ್ಧಿವಂತ ಹುಡುಗನಿಗೆ ಪುಸ್ತಕದಿಂದ ಹೊಳೆಯಬೇಕಾದುದಿರಲಿಲ್ಲ.

ಬೊಮ್ಮಾಯಿಯವರು ಕಾಯದೆಯ ಪದವಿಯನ್ನು ಪಡೆದು ಹುಬ್ಬಳ್ಳಿಯಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡರು. ಸ್ವಾತಂತ್ರ್ಯದ ಚಳವಳಿಯಲ್ಲಿ ಭಾಗವಹಿಸಿದರು; ಆಮೇಲೆ ಕರ್ನಾಟಕ ಏಕೀಕರಣದ ಕಾರ್ಯದಲ್ಲಿಯೂ ದುಡಿದರು. ಏಕೀಕರಣದ ಕಿಚ್ಚು ಹುಬ್ಬಳ್ಳಿಯ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಎಷ್ಟು ತೀವ್ರವಾಗಿತ್ತೆಂಬುದಕ್ಕೆ 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಕೈಕೊಂಡ ಉಪವಾಸವೇ ಸಾಕ್ಷಿಯಾಗಿದೆ. ಸನ್ 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದುಗೂಡಿದವು.

ಇವರ ಮನಸ್ಸನ್ನು ತಿದ್ದಿದ ವಿಚಾರವು ಮಠದ ಶಿಷ್ಯರಿಗೆ ಸ್ವಲ್ಪ ವಿಸ್ಮಯವನ್ನುಂಟುಮಾಡುವಂಥದು. ಬೊಮ್ಮಾಯಿಯವರು ಮಾನವೇಂದ್ರನಾಥ ರಾಯರ ಅನುಯಾಯಿಗಳು. ವಂಗದೇಶದಲ್ಲಿ ಹುಟ್ಟಿ, ಕ್ರಾಂತಿಕಾರರಾಗಿ ದೇಶದೇಶಗಳನ್ನು ಸುತ್ತಿ, ಮಾಸ್ಕೋದ ಮುಖಂಡರೊಡನೆ ಕುಳಿತು, ಕೊನೆಗೆ ಅದನ್ನೂ ಬಿಟ್ಟು, 1954ರಲ್ಲಿ ತೀರಿಕೊಳ್ಳುವ ಮುನ್ನ ನವಮಾನವತಾವಾದವೆಂಬ ಮತವನ್ನು ಪ್ರತಿಪಾದಿಸಿದವರು ರಾಯರು. ಅವರು ದೇವರನ್ನು ಒಪ್ಪಿದವರಲ್ಲ; ಶಾಸ್ತ್ರಪ್ರಾಮಾಣ್ಯವನ್ನು ಮನ್ನಿಸಿದವರೂ ಅಲ್ಲ. ಮನುಷ್ಯನ ವಿವೇಕವೇ ಪ್ರಮಾಣ, ವ್ಯಕ್ತಿಯ ಸ್ವಾತಂತ್ರ್ಯವೇ ಸಮಾಜದ ಅಳತೆಗೋಲು, ಅಧಿಕಾರವು ಕೆಳಗಿನಿಂದ ಮೇಲಕ್ಕೆ ಹರಿಯಬೇಕೇ ಹೊರತು ಮೇಲಿನಿಂದ ಕೆಳಕ್ಕೆ ಬೀಳಬಾರದು ಎಂಬುದು ಅವರ ಬೋಧೆಯ ಸಾರ. ಇದರಲ್ಲಿ ಆಸ್ತಿಕರು ಒಪ್ಪಲಾರದ ಭಾಗವಿದೆ. ಅದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಆದರೆ ಅದೇ ಬೋಧೆಯಲ್ಲಿ, ಕುಲವನ್ನು ಕೇಳದೆ, ಪದವಿಯನ್ನು ನೋಡದೆ, ಮಂಟಪದ ಮಧ್ಯದಲ್ಲಿ ಎಲ್ಲರೆದುರಿಗೆ ಪ್ರಶ್ನೆಯನ್ನಿಟ್ಟು ಉತ್ತರವನ್ನು ಬೇಡುವ ಶರಣರ ಪದ್ಧತಿಗೆ ಒಗ್ಗುವ ಭಾಗವೂ ಇದೆ. ರಾಯರ ಶಿಷ್ಯರಾದ ಇವರು ತಮ್ಮ ಮಗನಿಗೆ ಇಟ್ಟ ಹೆಸರು ಬಸವರಾಜ. ಪುಸ್ತಕದ ಮತ ಯಾವುದೇ ಇರಲಿ, ಮನೆಯ ಮತವು ನಾಮಕರಣದ ದಿನ ಹೊರಬೀಳುತ್ತದೆಂದು ಹಿರಿಯರು ಹೇಳುವುದು ಸುಳ್ಳಲ್ಲ.

ಸನ್ 1967ರಲ್ಲಿ ಕುಂದಗೋಳ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. ಸವಾಯಿ ಗಂಧರ್ವರ ಸಂಗೀತದಿಂದಲೂ ಶಂಭುಲಿಂಗನ ಪುರಾತನ ಗುಡಿಯಿಂದಲೂ ಹೆಸರಾದ ಆ ಊರು ಅಂದಿನಿಂದ ಇವರ ರಾಜಕೀಯ ಜೀವನದ ಮೊದಲ ಮೆಟ್ಟಿಲೆಂದು ಎನಿಸಿಕೊಂಡಿತು. ಆಮೇಲೆ ಜನತಾ ಪಕ್ಷದಲ್ಲಿದ್ದು 1978, 1983 ಮತ್ತು 1985ರ ಚುನಾವಣೆಗಳಲ್ಲಿ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದರು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ ವಿರೋಧಪಕ್ಷದ ನಾಯಕತ್ವವನ್ನು ವಹಿಸಿದರು. ಮೃದುಭಾಷಿಗಳು; ಸಭೆಯಲ್ಲಿ ಕೂಗಾಡುವುದಕ್ಕಿಂತ ನಿಯಮದ ಪುಸ್ತಕವನ್ನು ತೆರೆದು ವಾದಿಸುವುದು ಇವರ ಸ್ವಭಾವಕ್ಕೆ ಒಗ್ಗಿದ ಕೆಲಸ.

ಸನ್ 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದಗಳಲ್ಲಿ ನಡೆದ ರೈತರ ಬಂಡಾಯವನ್ನು ಈ ಸೀಮೆಯವರು ಮರೆತಿಲ್ಲ. ಮಲಪ್ರಭೆಯ ಕಾಲುವೆಯ ನೀರು ಹೊಲಕ್ಕೆ ಬರುವ ಮೊದಲೇ ಸುಧಾರಣಾ ಕರದ ನೋಟೀಸು ಮನೆಗೆ ಬಂದುದರಿಂದ ಹುಟ್ಟಿದ ಕ್ರೋಧವದು. ಗೋಳೀಬಾರಿನಲ್ಲಿ ಪ್ರಾಣಹಾನಿಯಾಯಿತು. ಆ ದಿನದಿಂದ ರೈತರ ಚಳವಳಿಯು ರಾಜ್ಯವನ್ನೆಲ್ಲ ವ್ಯಾಪಿಸಿ, 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು ಕರ್ನಾಟಕದಲ್ಲಿ ಮೊದಲ ಬಾರಿಗೆ ಅಧಿಕಾರವನ್ನು ಕಳೆದುಕೊಳ್ಳುವುದಕ್ಕೆ ಒಂದು ಮುಖ್ಯ ಕಾರಣವಾಯಿತು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾದರು. ಬೊಮ್ಮಾಯಿಯವರು ಉದ್ಯೋಗಖಾತೆಯ ಮಂತ್ರಿಗಳಾದರು. 1985ರಲ್ಲಿ ಜನತಾ ಪಕ್ಷವು 224 ಸ್ಥಾನಗಳಲ್ಲಿ 139ನ್ನು ಗೆದ್ದು ಸ್ವಂತ ಬಲದಿಂದ ನಿಂತಿತು. 1988ರ ಆಗಸ್ಟ್ ತಿಂಗಳಲ್ಲಿ, ದೂರವಾಣಿಯ ಕದ್ದಾಲಿಕೆಯ ಆಪಾದನೆಯ ಗದ್ದಲದಲ್ಲಿ ಹೆಗಡೆಯವರು ರಾಜೀನಾಮೆಯನ್ನಿತ್ತಾಗ, ಶಾಸಕರು ಬೊಮ್ಮಾಯಿಯವರನ್ನು ನಾಯಕರನ್ನಾಗಿ ಆರಿಸಿದರು. ಆಗ ಅವರಿಗೆ ಅರವತ್ತನಾಲ್ಕು ವರ್ಷ.

ದೊರೆತದ್ದು ಮುಳ್ಳಿನ ಗದ್ದುಗೆ. ಜನತಾ ಪಕ್ಷವು ಲೋಕದಳದೊಡನೆ ಕೂಡಿ ಜನತಾದಳವೆಂಬ ಹೊಸ ಪಕ್ಷವಾಯಿತು. ಹೊರಗೆ ಹೊಸ ಹೆಸರು ಬಂದಿತು, ಒಳಗೆ ಹಳೆಯ ಬಣಗಳು ಉಳಿದವು. ಎಚ್. ಡಿ. ದೇವೇಗೌಡರ ಕಡೆಯವರು ದೂರ ಸರಿದರು. ಉಳಿದವರನ್ನು ಹಿಡಿದಿಡುವುದಕ್ಕಾಗಿ 1989ರ ಏಪ್ರಿಲ್ 15ರಂದು ಮಂತ್ರಿಮಂಡಲಕ್ಕೆ ಹದಿಮೂರು ಜನರನ್ನು ಸೇರಿಸಲಾಯಿತು. ಮಂತ್ರಿಪದವಿಯನ್ನು ಹಂಚಿ ಅಸಮಾಧಾನವನ್ನು ಶಮನಗೊಳಿಸಲು ಹೊರಟವರಿಗೆ ಆಗುವುದೇ ಇಲ್ಲಿಯೂ ಆಯಿತು. ಪಡೆದವರ ಕೃತಜ್ಞತೆಗಿಂತ ಪಡೆಯದವರ ಸಿಟ್ಟು ದೊಡ್ಡದಾಯಿತು.

ಮುಂದಿನ ಆರು ದಿನಗಳ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ದಾವೆಯ ಬೇರೆಲ್ಲವೂ ಅದರಲ್ಲಿಯೇ ಇದೆ. ಏಪ್ರಿಲ್ 17ರಂದು ಆಳುವ ಪಕ್ಷದ ಶಾಸಕರೊಬ್ಬರು ಪಕ್ಷವನ್ನು ತ್ಯಜಿಸಿ, ಮಂತ್ರಿಮಂಡಲಕ್ಕೆ ಬೆಂಬಲವನ್ನು ಹಿಂತೆಗೆದುಕೊಂಡಿರುವುದಾಗಿ ಹೇಳುವ ಹತ್ತೊಂಬತ್ತು ಶಾಸಕರ ಪತ್ರಗಳನ್ನು ರಾಜ್ಯಪಾಲರಾದ ಪಿ. ವೆಂಕಟಸುಬ್ಬಯ್ಯನವರಿಗೆ ಒಪ್ಪಿಸಿದರು. 19ರಂದು ರಾಜ್ಯಪಾಲರು ದಿಲ್ಲಿಗೆ ವರದಿಯನ್ನು ಕಳಿಸಿದರು: ಮುಖ್ಯಮಂತ್ರಿಗಳಿಗೆ ಬಹುಮತವಿಲ್ಲ, ಬೇರೆ ಯಾವ ಪಕ್ಷವೂ ಸರಕಾರವನ್ನು ರಚಿಸುವ ಸ್ಥಿತಿಯಲ್ಲಿಲ್ಲ, ಆದುದರಿಂದ 356ನೆಯ ಕಲಮಿನ ಪ್ರಕಾರ ರಾಷ್ಟ್ರಪತಿಗಳು ಆಡಳಿತವನ್ನು ಕೈಗೆ ತೆಗೆದುಕೊಳ್ಳುವುದು ಯುಕ್ತವೆಂದು. ಈ ಬಗ್ಗೆ ಬೊಮ್ಮಾಯಿಯವರನ್ನು ಕರೆಯಿಸಿ ಒಂದು ಮಾತನ್ನೂ ಕೇಳಲಿಲ್ಲ. ಹಳ್ಳಿಯ ಪಂಚರು ಸಹ ದೂರು ಕೊಟ್ಟವನ ಮಾತನ್ನು ಕೇಳಿದ ಮೇಲೆ ದೂರಿಗೊಳಗಾದವನನ್ನು ಚಾವಡಿಗೆ ಕರೆಯುತ್ತಾರೆ.

ಮರುದಿನ, 20ರಂದು, ಆ ಹತ್ತೊಂಬತ್ತರಲ್ಲಿ ಏಳು ಜನರು ರಾಜ್ಯಪಾಲರಿಗೆ ಬೇರೆ ಪತ್ರಗಳನ್ನು ಬರೆದು, ತಮ್ಮ ಸಹಿಗಳನ್ನು ತಪ್ಪು ತಿಳುವಳಿಕೆ ಕೊಟ್ಟು ಪಡೆಯಲಾಗಿದೆ, ತಾವು ಮಂತ್ರಿಮಂಡಲದ ಕಡೆಗೇ ಇದ್ದೇವೆ ಎಂದು ತಿಳಿಸಿದರು. ಅದೇ ದಿನ ಮಂತ್ರಿಮಂಡಲವು ಕೂಡಿ, ಏಪ್ರಿಲ್ 27ಕ್ಕೆ ವಿಧಾನಸಭೆಯ ಅಧಿವೇಶನವನ್ನು ಕರೆಯಲು ನಿರ್ಣಯಿಸಿತು. ಬೊಮ್ಮಾಯಿಯವರು ಕಾಯದೆ ಮಂತ್ರಿಗಳೊಡನೆ ರಾಜಭವನಕ್ಕೆ ಹೋಗಿ, ಸಭೆಯಲ್ಲಿ ಬಹುಮತವನ್ನು ತೋರಿಸಲು ತಾವು ಸಿದ್ಧರೆಂದೂ, ಬೇಕಾದರೆ 27ರ ವರೆಗೆ ಕಾಯದೆ ಅದಕ್ಕೂ ಮುಂಚೆಯೇ ಸಭೆ ಕೂಡಿಸುವೆವೆಂದೂ ಬಿನ್ನವಿಸಿಕೊಂಡರು. ರಾಷ್ಟ್ರಪತಿಗಳಿಗೂ ತಂತಿಯ ಮೂಲಕ ಇದನ್ನೇ ತಿಳಿಸಿದರು. ಸರಕಾರದ ಬಲಾಬಲಗಳನ್ನು ಸಭೆಯಲ್ಲಿಯೇ ಪರೀಕ್ಷಿಸಬೇಕೆಂಬ ಶಿಫಾರಸನ್ನು ನ್ಯಾಯಮೂರ್ತಿ ಸರ್ಕಾರಿಯಾ ಅವರ ಆಯೋಗವು ಸ್ವಲ್ಪ ಕಾಲದ ಹಿಂದೆಯೇ ಮಾಡಿದ್ದಿತು, ಅದನ್ನೂ ಜ್ಞಾಪಿಸಿದರು. ಆದರೆ ರಾಜ್ಯಪಾಲರು ಆ ದಿನವೇ ಎರಡನೆಯ ವರದಿಯನ್ನು ಬರೆದು, ಏಳು ಜನರ ಮೇಲೆ ಒತ್ತಾಯ ನಡೆದಿದೆ, ಶಾಸಕರ ಕೊಳ್ಳುಬಿಡುವ ವ್ಯಾಪಾರ ನಡೆದಿದೆ ಎಂದು ಹೇಳಿ ಮೊದಲಿನ ಶಿಫಾರಸನ್ನೇ ಖಚಿತಪಡಿಸಿದರು. ಏಪ್ರಿಲ್ 21ರ ಘೋಷಣೆಯಿಂದ ಮಂತ್ರಿಮಂಡಲವು ವಜಾ ಆಯಿತು, ವಿಧಾನಸಭೆಯು ವಿಸರ್ಜಿತವಾಯಿತು. 27ನೆಯ ತಾರೀಖಿನ ಸಭೆಯು ಕೂಡಲೇ ಇಲ್ಲ.

ತರ್ಕಶಾಸ್ತ್ರದ ಮೊದಲ ಪಾಠವನ್ನು ಓದಿದ ವಿದ್ಯಾರ್ಥಿಗೂ ಇಲ್ಲಿನ ದೋಷವು ಕಾಣದೆ ಇರದು. ದೂರದ ಬೆಟ್ಟದ ಮೇಲೆ ಬೆಂಕಿಯಿದೆಯೋ ಇಲ್ಲವೋ ಎಂಬುದನ್ನು ಹೊಗೆಯನ್ನು ಕಂಡು ಊಹಿಸಬೇಕಾಗುತ್ತದೆ, ಅಲ್ಲಿಗೆ ಹೋಗಲಾಗದಾದ್ದರಿಂದ. ಅಡಿಗೆಮನೆಯ ಒಲೆಯಲ್ಲಿ ಬೆಂಕಿಯಿದೆಯೋ ಇಲ್ಲವೋ ಎಂದು ತಿಳಿಯಲು ಅಂಗಳದಲ್ಲಿ ನಿಂತು ಅನುಮಾನಿಸುವ ಗರಜಿಲ್ಲ. ಒಳಗೆ ಹೋಗಿ ನೋಡಿದರಾಯಿತು. ಪ್ರತ್ಯಕ್ಷವು ಕೈಗೆಟುಕುವಲ್ಲಿ ಅನುಮಾನಕ್ಕೆ ಶರಣುಹೋಗುವುದು ಪ್ರಮಾಣಜ್ಞರ ರೀತಿಯಲ್ಲ. ವಿಧಾನಸಭೆಯಲ್ಲಿ ಎಷ್ಟು ಜನ ಎದ್ದು ನಿಲ್ಲುತ್ತಾರೆಂಬುದು ಪ್ರತ್ಯಕ್ಷ. ಪತ್ರಗಳನ್ನು ಎಣಿಸಿ ಬಹುಮತವಿಲ್ಲವೆಂದುದು ಅನುಮಾನ. ಅದರಲ್ಲಿಯೂ ಏಳು ಪತ್ರಗಳು ಮರುದಿನವೇ ತಿರುಗಿಬಿದ್ದ ಮೇಲೆ, ಹೊಗೆಯೆಂದು ತಿಳಿದುದು ಮಂಜೇ ಆಗಿರಬಹುದೆಂಬ ಸಂಶಯವು ಹುಟ್ಟಬೇಕಿತ್ತು. ಬೊಮ್ಮಾಯಿಯವರು ತಮಗೆ ಬಹುಮತವಿದೆಯೆಂಬುದನ್ನು ನಂಬಿರೆಂದು ಕೇಳಲಿಲ್ಲ, ಎಣಿಸಿ ನೋಡಿರೆಂದು ಕೇಳಿದರು. ಎಣಿಸಿದ್ದರೆ ಅವರು ಗೆಲ್ಲುತ್ತಿದ್ದರೋ ಸೋಲುತ್ತಿದ್ದರೋ ಎಂಬುದು ಬೇರೆ ಮಾತು. ದಾವೆಯ ತಿರುಳು ಅದಲ್ಲ.

ಈ 356ನೆಯ ಕಲಮಿನ ಇತಿಹಾಸವನ್ನು ಎರಡು ಮಾತಿನಲ್ಲಿ ಹೇಳಬಹುದು. ಅಂಬೇಡಕರರು ರಾಜ್ಯಘಟನೆಯನ್ನು ರಚಿಸುವ ಸಭೆಯಲ್ಲಿ ಈ ಕಲಮು ಬಳಕೆಗೆ ಬಾರದೆ ಸತ್ತ ಅಕ್ಷರವಾಗಿ ಬಿದ್ದಿರಲೆಂಬ ಆಶೆಯನ್ನು ವ್ಯಕ್ತಪಡಿಸಿದ್ದರು. ನಡೆದುದು ತದ್ವಿರುದ್ಧ. 1951ರಲ್ಲಿ ಪಂಜಾಬದಲ್ಲಿ ಆರಂಭವಾಗಿ, 1959ರಲ್ಲಿ ಬಹುಮತವಿದ್ದ ಕೇರಳದ ಮಂತ್ರಿಮಂಡಲವನ್ನೂ ತೆಗೆದುಹಾಕಿ, 1994ರೊಳಗೆ ತೊಂಬತ್ತಕ್ಕೂ ಮಿಕ್ಕಿ ಇದರ ಪ್ರಯೋಗವಾಗಿದ್ದಿತು. ಯಾವ ಪಕ್ಷದವರೂ ಇದರಲ್ಲಿ ನಿರ್ದೋಷಿಗಳಲ್ಲ. 1977ರಲ್ಲಿ ದಿಲ್ಲಿಯಲ್ಲಿ ಜನತಾ ಪಕ್ಷವು ಅಧಿಕಾರಕ್ಕೆ ಬಂದೊಡನೆ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರಕಾರಗಳನ್ನು ಒಂದೇ ಏಟಿಗೆ ಕಳೆದುಹಾಕಿತು; 1980ರಲ್ಲಿ ಕಾಂಗ್ರೆಸ್ ಮರಳಿ ಬಂದು ಅದೇ ಸಂಖ್ಯೆಯಿಂದ ಸೇಡು ತೀರಿಸಿಕೊಂಡಿತು. ಕರ್ನಾಟಕದಲ್ಲಿಯೇ 1977ರ ಡಿಸೆಂಬರ್ 31ರಂದು ದೇವರಾಜ ಅರಸರ ಸರಕಾರವನ್ನು ಇದೇ ಕಲಮಿನಿಂದ ಇಳಿಸಿದವರು ಜನತಾ ಪಕ್ಷದ ಕೇಂದ್ರ ಸರಕಾರದವರು. ಎರಡು ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಜನರು ಅರಸರನ್ನೇ ಮರಳಿ ಕೂಡಿಸಿದರು. ಬೊಮ್ಮಾಯಿಯವರದು ಅದೇ ಜನತಾ ಪಕ್ಷ. ತನ್ನ ಕೈಯಲ್ಲಿದ್ದಾಗ ಹರಿತವಾಗಿರಲೆಂದು ಬಯಸಿದ ಆಯುಧದ ಅಲಗನ್ನು ತನ್ನ ಕೊರಳ ಮೇಲೆ ಬಿದ್ದಾಗ ಅಳೆಯುವುದು ರಾಜಕಾರಣಿಗಳ ರೂಢಿ. ಇವರ ವಿಶೇಷವೆಂದರೆ, ಆ ಅಳತೆಯನ್ನು ಬೀದಿಯ ಭಾಷಣಗಳಿಗೆ ಬಿಡದೆ ನ್ಯಾಯಪೀಠಕ್ಕೆ ಒಯ್ದರು.

ಏಪ್ರಿಲ್ 26ರಂದು, ಅಂದರೆ ಘೋಷಣೆಯಾದ ಐದನೆಯ ದಿವಸ, ಕರ್ನಾಟಕ ಹಾಯಕೋರ್ಟಿನಲ್ಲಿ ರಿಟ್ ಅರ್ಜಿಯು ದಾಖಲಾಯಿತು. ಮೂವರು ನ್ಯಾಯಾಧೀಶರ ವಿಶೇಷ ಪೀಠವು ಅರ್ಜಿಯನ್ನು ಕೇಳಿ ವಜಾ ಮಾಡಿತು. ರಾಜ್ಯಪಾಲರ ವರದಿಯಲ್ಲಿನ ಸಂಗತಿಗಳು ಅಪ್ರಸ್ತುತವಲ್ಲ, ಸಭೆಯಲ್ಲಿ ಬಲಪರೀಕ್ಷೆ ನಡೆಯಲೇಬೇಕೆಂಬ ಕಟ್ಟಳೆಯಿಲ್ಲ ಎಂಬುದು ಆ ತೀರ್ಪಿನ ಆಶಯ. ಆ ವರ್ಷದ ನವೆಂಬರದಲ್ಲಿ ಚುನಾವಣೆ ನಡೆಯಿತು. ಕಾಂಗ್ರೆಸ್ ಪಕ್ಷವು 178 ಸ್ಥಾನಗಳನ್ನು ಗೆದ್ದಿತು. ಜನತಾದಳಕ್ಕೆ 24 ಮಾತ್ರ ಉಳಿದವು. ಬೊಮ್ಮಾಯಿಯವರು ತಮ್ಮ ಕ್ಷೇತ್ರದಲ್ಲಿಯೂ ಸೋತರು. ವೀರೇಂದ್ರ ಪಾಟೀಲರು ಮುಖ್ಯಮಂತ್ರಿಗಳಾದರು. ಇಲ್ಲಿಗೆ ದಾವೆಯನ್ನು ಕೈಬಿಟ್ಟಿದ್ದರೆ ಯಾರೂ ದೂರುತ್ತಿರಲಿಲ್ಲ. ಕಳೆದುಹೋದ ಸಭೆ ಮರಳಿ ಬರುವಂತಿರಲಿಲ್ಲ, ಜನರೂ ಬೇರೆಯವರನ್ನು ಆರಿಸಿದ್ದರು. ಆದರೂ ಅವರು ಸುಪ್ರೀಮ್ ಕೋರ್ಟಿಗೆ ಅಪೀಲು ಹೋದರು. ಫಲವಿಲ್ಲದ ದಾವೆಯೆಂದು ಹಲವರಿಗೆ ತೋರಿರಬೇಕು. ಫಲದ ಆಶೆಯಿಲ್ಲದೆ ಮಾಡುವ ಕೆಲಸಕ್ಕೆ ಶರಣರ ಮಾರ್ಗದಲ್ಲಿ ಬೇರೆ ಹೆಸರುಂಟು. ವಕೀಲರ ಮಾರ್ಗದಲ್ಲಿ ಅದು ಅಪರೂಪ.

ಅಪೀಲು ನಡೆದಿರುವಾಗ ಬೇರೆ ರಾಜ್ಯಗಳ ಮೊಕದ್ದಮೆಗಳೂ ಬಂದು ಕೂಡಿದವು: 1988ರ ನಾಗಾಲ್ಯಾಂಡ, 1991ರ ಮೇಘಾಲಯ, ಮತ್ತು ಅಯೋಧ್ಯೆಯ ಮಸೀದಿಯು ಕೆಡವಲ್ಪಟ್ಟ ಮೇಲೆ 1992ರ ಡಿಸೆಂಬರ್ 15ರಂದು ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಸರಕಾರಗಳದು. ಒಂಬತ್ತು ನ್ಯಾಯಾಧೀಶರ ಪೀಠವು ಇವೆಲ್ಲವನ್ನೂ ಒಟ್ಟಿಗೆ ವಿಚಾರಿಸಿ 1994ರ ಮಾರ್ಚ್ 11ರಂದು ತೀರ್ಪನ್ನಿತ್ತಿತು. ಒಂಬತ್ತು ಜನರೂ ಒಂದೇ ಕಂಠದಿಂದ ನುಡಿಯಲಿಲ್ಲ. ಆರು ಬೇರೆ ಬೇರೆ ಅಭಿಪ್ರಾಯಗಳು ಬರೆಯಲ್ಪಟ್ಟವು. ರಾಷ್ಟ್ರಪತಿಗಳ ಘೋಷಣೆಯನ್ನು ನ್ಯಾಯಾಲಯವು ಎಷ್ಟರ ಮಟ್ಟಿಗೆ ಕೆದಕಬಹುದೆಂಬಲ್ಲಿ ಅವರೊಳಗೆ ಭೇದವಿದ್ದಿತು. ನ್ಯಾಯಮೂರ್ತಿ ಪಿ. ಬಿ. ಸಾವಂತ ಮತ್ತು ನ್ಯಾಯಮೂರ್ತಿ ಬಿ. ಪಿ. ಜೀವನ ರೆಡ್ಡಿಯವರು ಬರೆದ ಅಭಿಪ್ರಾಯಗಳ ಸುತ್ತ ಬಹುಮತವು ಕೂಡಿತು.

ಆ ಬಹುಮತದ ತೀರ್ಪು ಸ್ಥಾಪಿಸಿದ ಸೂತ್ರಗಳಲ್ಲಿ ಬೊಮ್ಮಾಯಿಯವರ ಸ್ವಂತ ದಾವೆಯಿಂದ ನೇರವಾಗಿ ಹುಟ್ಟಿದ್ದು ಮೊದಲನೆಯದು: ಮಂತ್ರಿಮಂಡಲಕ್ಕೆ ಬಹುಮತವಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವ ಸ್ಥಳವು ವಿಧಾನಸಭೆಯೇ ಹೊರತು ರಾಜಭವನವಲ್ಲ. ಯಾರ ಖಾಸಗಿ ಅಭಿಪ್ರಾಯಕ್ಕೂ, ಅವರು ರಾಜ್ಯಪಾಲರಾಗಲಿ ರಾಷ್ಟ್ರಪತಿಗಳಾಗಲಿ, ಈ ವಿಷಯದಲ್ಲಿ ಎಡೆಯಿಲ್ಲ. ಎರಡನೆಯದಾಗಿ, 356ನೆಯ ಕಲಮಿನ ಘೋಷಣೆಯು ನ್ಯಾಯಾಲಯದ ವಿಮರ್ಶೆಗೆ ಅತೀತವಲ್ಲ. ಮಂತ್ರಿಗಳು ರಾಷ್ಟ್ರಪತಿಗಳಿಗೆ ಯಾವ ಸಲಹೆಯನ್ನು ಕೊಟ್ಟರೆಂದು ನ್ಯಾಯಾಲಯವು ಕೇಳುವಂತಿಲ್ಲ, ನಿಜ. ಆದರೆ ಆ ಸಲಹೆಗೆ ಆಧಾರವಾದ ಸಂಗತಿಗಳಾವುವು, ಅವು ಪ್ರಸ್ತುತವಾದುವೇ, ದುರುದ್ದೇಶದಿಂದ ಕೂಡಿದುವೇ ಎಂದು ಕೇಳಬಹುದು. ಪೂಜಾರಿಯು ದೇವರಲ್ಲಿ ಏನನ್ನು ಬಿನ್ನವಿಸಿಕೊಂಡನೆಂದು ಕೇಳುವಂತಿಲ್ಲ, ಭಂಡಾರದ ಲೆಕ್ಕವನ್ನು ಮಾತ್ರ ಕೇಳಬಹುದು ಎಂಬಂತೆ ಇದೆ ಈ ವಿವೇಚನೆ. ಸಂಸತ್ತಿನ ಎರಡೂ ಸದನಗಳು ಒಪ್ಪುವ ವರೆಗೆ ವಿಧಾನಸಭೆಯನ್ನು ವಿಸರ್ಜಿಸಕೂಡದು, ಅಮಾನತಿನಲ್ಲಿಡಬಹುದಷ್ಟೆ. ಘೋಷಣೆಯು ಅಸಿಂಧುವೆಂದು ಕಂಡುಬಂದರೆ ವಜಾ ಆದ ಸರಕಾರವನ್ನು ಮರಳಿ ಸ್ಥಾಪಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ.

ಮತ್ತೊಂದು ಸೂತ್ರವು ಮಠದ ಭಕ್ತರಿಗೆ ವಿಶೇಷವಾಗಿ ವಿಚಾರಣೀಯವಾದುದು. ಧರ್ಮನಿರಪೇಕ್ಷತೆಯು ಸಂವಿಧಾನದ ಮೂಲರಚನೆಯ ಅಂಗ. ಅದಕ್ಕೆ ವಿರುದ್ಧವಾಗಿ ನಡೆಯುವ ರಾಜ್ಯ ಸರಕಾರವು ಸಂವಿಧಾನದ ಪ್ರಕಾರ ನಡೆಯುತ್ತಿಲ್ಲವೆಂದೇ ತಿಳಿಯಬೇಕು ಎಂದು ನ್ಯಾಯಾಲಯವು ಹೇಳಿ, ಆ ಮೂರು ರಾಜ್ಯಗಳ ವಜಾ ಕ್ರಮವನ್ನು ಎತ್ತಿಹಿಡಿಯಿತು. ಈ ಭಾಗವು ಬೊಮ್ಮಾಯಿಯವರ ದಾವೆಯಿಂದ ಹುಟ್ಟಿದುದಲ್ಲ. ಆದರೆ ಮೊಕದ್ದಮೆಯ ತಲೆಬರಹದಲ್ಲಿ ಮೊದಲ ಹೆಸರು ಇವರದಾದ್ದರಿಂದ ಅದೂ ಬೊಮ್ಮಾಯಿ ತೀರ್ಪೆಂದೇ ಪ್ರಸಿದ್ಧವಾಯಿತು. ಧರ್ಮನಿರಪೇಕ್ಷತೆ ಎಂಬ ಶಬ್ದವನ್ನು ಕೇಳಿ ಕೆಲವು ಆಸ್ತಿಕರು ಹುಬ್ಬು ಗಂಟಿಕ್ಕುವುದುಂಟು. ಸರಕಾರವು ಯಾವ ಮತವನ್ನೂ ತನ್ನದೆಂದು ಹಿಡಿಯಬಾರದು, ಯಾವ ಮತವನ್ನೂ ಹಗೆಯೆಂದು ಕಾಣಬಾರದು ಎಂಬುದಷ್ಟೇ ಅದರ ಅರ್ಥವಾದಲ್ಲಿ, ಮಠಗಳಿಗೆ ಅದರಿಂದ ಹಾನಿಯಿಲ್ಲ. ಅರಸನ ಕೃಪೆಯಿಂದ ಬೆಳೆದ ಪಂಥಗಳು ಅರಸನೊಡನೆಯೇ ಅಳಿದುದನ್ನೂ, ಕಲ್ಯಾಣದಲ್ಲಿ ಅರಸನ ಮುನಿಸನ್ನು ಉಂಡ ಶರಣರ ಮಾರ್ಗವು ಒಕ್ಕಲ ಮನೆಗಳ ಕಂಬಳಿಯ ಗದ್ದುಗೆಯ ಮೇಲೆ ಬದುಕಿ ಉಳಿದುದನ್ನೂ ಬಲ್ಲ ಶಿಷ್ಯರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಕರ್ನಾಟಕ, ನಾಗಾಲ್ಯಾಂಡ, ಮೇಘಾಲಯಗಳ ಘೋಷಣೆಗಳು ಸಂವಿಧಾನಬಾಹಿರವೆಂದು ನಿರ್ಣಯವಾಯಿತು. ಆದರೆ ಅಷ್ಟರಲ್ಲಿ ಹೊಸ ಚುನಾವಣೆಗಳು ನಡೆದು ಹೋಗಿದ್ದುದರಿಂದ ಪರಿಹಾರವೇನೂ ಇಲ್ಲ. ಸುಮಾರು ಐದು ವರ್ಷ ಹೋರಾಡಿ ಗೆದ್ದವರ ಕೈಗೆ ಬಂದುದು ತೀರ್ಪಿನ ಕಾಗದ ಮಾತ್ರ. ಅದೇ ವರ್ಷದ ಡಿಸೆಂಬರದಲ್ಲಿ ಜನತಾದಳವು ಕರ್ನಾಟಕದಲ್ಲಿ ಮರಳಿ ಅಧಿಕಾರಕ್ಕೆ ಬಂದಾಗಲೂ ಮುಖ್ಯಮಂತ್ರಿಗಳಾದವರು ದೇವೇಗೌಡರು. ಬೊಮ್ಮಾಯಿಯವರು ಆಗ ಪಕ್ಷದ ಅಖಿಲ ಭಾರತ ಅಧ್ಯಕ್ಷರು, ರಾಜ್ಯಸಭೆಯ ಸದಸ್ಯರು. ಮುಖ್ಯಮಂತ್ರಿಯ ಗದ್ದುಗೆಗೆ ಅವರು ಮತ್ತೆಂದೂ ಏರಲಿಲ್ಲ.

ಸನ್ 1996ರ ಜೂನ್‌ದಿಂದ 1998ರ ಮಾರ್ಚ್ ವರೆಗೆ, ಮೊದಲು ದೇವೇಗೌಡರ, ಆಮೇಲೆ ಇಂದ್ರಕುಮಾರ ಗುಜರಾಲರ ಮಂತ್ರಿಮಂಡಲದಲ್ಲಿ ಬೊಮ್ಮಾಯಿಯವರು ಮಾನವ ಸಂಪನ್ಮೂಲ ಖಾತೆಯ ಮಂತ್ರಿಗಳಾಗಿದ್ದರು. ವಿದ್ಯಾಭ್ಯಾಸವು ಆ ಖಾತೆಗೆ ಸೇರಿದುದು. ಇವರ ಕಾಲದಲ್ಲಿಯೇ, 1997ರಲ್ಲಿ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡುವ ಸಂವಿಧಾನ ತಿದ್ದುಪಡಿಯ ಮಸೂದೆಯು ರಾಜ್ಯಸಭೆಯ ಮುಂದೆ ಬಂದಿತು. ಅದು ಆಗ ಪಾಸಾಗಲಿಲ್ಲ. 2002ರಲ್ಲಿ 86ನೆಯ ತಿದ್ದುಪಡಿಯ ರೂಪದಿಂದ ಸಿದ್ಧಿಸಿತು. ಪ್ರಸಾದನಿಲಯಗಳಲ್ಲಿ ಬಡಮಕ್ಕಳಿಗೆ ಅನ್ನವಿಕ್ಕಿ ಅಕ್ಷರ ಕಲಿಸಿದ ಮಠಗಳ ಸೀಮೆಯಿಂದ ಬಂದ ಮಂತ್ರಿಗಳ ಕಾಲದಲ್ಲಿ ಈ ಮಸೂದೆಯು ಮೊಳೆತುದು ಸಂತೋಷದ ಸಂಗತಿ.

ಅದೇ ಕಾಲದ ಇನ್ನೊಂದು ಸಂಗತಿಯು ಅಷ್ಟು ಸಂತೋಷದ್ದಲ್ಲ. ಚರಿತ್ರೆಯನ್ನು ಬರೆಯುವಾಗ ಅದನ್ನು ಬಿಟ್ಟುಬಿಡುವುದು ನ್ಯಾಯವೂ ಅಲ್ಲ. 1997ರ ಅಕ್ಟೋಬರದಲ್ಲಿ ಉತ್ತರ ಪ್ರದೇಶದ ವಿಧಾನಸಭೆಯಲ್ಲಿ ಹೊಡೆದಾಟದ ನಡುವೆ ಕಲ್ಯಾಣಸಿಂಗರ ಸರಕಾರವು ವಿಶ್ವಾಸಮತವನ್ನು ಗೆದ್ದಿತು. ಆದರೂ ಗುಜರಾಲರ ಮಂತ್ರಿಮಂಡಲವು ಅಲ್ಲಿ 356ನೆಯ ಕಲಮನ್ನು ಪ್ರಯೋಗಿಸಬೇಕೆಂದು ರಾಷ್ಟ್ರಪತಿಗಳಿಗೆ ಸಲಹೆಯನ್ನಿತ್ತಿತು. ಯಾರ ಹೆಸರಿನ ತೀರ್ಪು ಆ ಕಲಮಿಗೆ ಅಂಕುಶವಾಗಿದ್ದಿತೋ ಅವರು ಆ ಮಂತ್ರಿಮಂಡಲದ ಸದಸ್ಯರಾಗಿದ್ದರು. ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್ ಅವರು ಸಲಹೆಯನ್ನು ಪುನರ್ವಿಚಾರಕ್ಕಾಗಿ ಹಿಂದಕ್ಕೆ ಕಳಿಸಿದರು. ಮಂತ್ರಿಮಂಡಲವು ಅದನ್ನು ಕೈಬಿಟ್ಟಿತು. ಸಾಮುದಾಯಿಕ ಹೊಣೆಯುಳ್ಳ ಮಂತ್ರಿಮಂಡಲದಲ್ಲಿ ಕುಳಿತವರು ಅದರ ನಿರ್ಣಯದ ಪಾಲುಗಾರರೇ. ಮನುಷ್ಯನು ಸ್ಥಾಪಿಸಿದ ಸೂತ್ರವು ಅವನಿಗಿಂತ ಗಟ್ಟಿಯಾಗಿ ನಿಲ್ಲುವುದುಂಟು, ಅಂದು ನಿಂತಿತು.

ಆಮೇಲೆ ಆ ತೀರ್ಪು ತನ್ನ ಕೆಲಸವನ್ನು ತಾನೇ ಮಾಡುತ್ತ ಹೋಯಿತು. 1998ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದಲ್ಲಿ ಇಬ್ಬರು ಮುಖ್ಯಮಂತ್ರಿಗಳು ಏಕಕಾಲಕ್ಕೆ ಹಕ್ಕು ಸಾಧಿಸಿದಾಗ, ಸುಪ್ರೀಮ್ ಕೋರ್ಟು ಸಭೆಯಲ್ಲಿಯೇ ಎಣಿಕೆ ನಡೆಯಲೆಂದು ಅಪ್ಪಣೆ ಮಾಡಿತು. 1999ರಲ್ಲಿ ಬಿಹಾರದ ಸರಕಾರವು ವಜಾ ಆದಾಗ, ವಿಧಾನಸಭೆಯು ವಿಸರ್ಜನೆಯಾಗದೆ ಅಮಾನತಿನಲ್ಲಿ ಉಳಿದಿದ್ದಿತು. ರಾಜ್ಯಸಭೆಯ ಒಪ್ಪಿಗೆ ದೊರೆಯುವಂತಿಲ್ಲವಾಗಿ ತಿಂಗಳೊಳಗೆ ಅದೇ ಸರಕಾರವು ಮರಳಿ ಬಂದಿತು. 2006ರಲ್ಲಿ ಬಿಹಾರದ ಮತ್ತೊಂದು ವಿಸರ್ಜನೆಯು ಸಂವಿಧಾನಬಾಹಿರವೆಂದು ತೀರ್ಮಾನವಾಯಿತು. ಇಷ್ಟನ್ನು ಬೊಮ್ಮಾಯಿಯವರು ಕಣ್ಣಾರೆ ಕಂಡರು. ತೊಂಬತ್ತಕ್ಕೂ ಮಿಕ್ಕಿ ಪ್ರಯೋಗವಾಗಿದ್ದ ಕಲಮು ಆ ತೀರ್ಪಿನ ತರುವಾಯ ಬಹಳ ವಿರಳವಾಯಿತು.

ಸನ್ 2007ರ ಅಕ್ಟೋಬರ್ 10ರಂದು, ತಮ್ಮ ಎಂಬತ್ತಮೂರನೆಯ ವಯಸ್ಸಿನಲ್ಲಿ, ಬೊಮ್ಮಾಯಿಯವರು ಬೆಂಗಳೂರಿನಲ್ಲಿ ಲಿಂಗೈಕ್ಯರಾದರು. ಧಾರವಾಡ ಸೀಮೆಯ ಕಕ್ಷಿದಾರರು ಹಾಯಕೋರ್ಟಿನ ಕೆಲಸಕ್ಕಾಗಿ ಬೆಂಗಳೂರಿಗೆ ಅಲೆಯುವ ಕಷ್ಟವು ತಪ್ಪಿ, ಧಾರವಾಡದಲ್ಲಿಯೇ ಹಾಯಕೋರ್ಟಿನ ಪೀಠವು ಆರಂಭವಾದುದು ಅದರ ಮರುವರ್ಷ, 2008ರಲ್ಲಿ. ಹುಬ್ಬಳ್ಳಿಯ ಈ ಹಳೆಯ ವಕೀಲರು ಅದನ್ನು ನೋಡಲಿಲ್ಲ. ಮಗ ಬಸವರಾಜ ಬೊಮ್ಮಾಯಿಯವರು 2021ರಿಂದ 2023ರ ವರೆಗೆ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದರು.

2016ರಲ್ಲಿ ಉತ್ತರಾಖಂಡ ಮತ್ತು ಅರುಣಾಚಲ ಪ್ರದೇಶಗಳಲ್ಲಿ ಪದಚ್ಯುತವಾಗಿದ್ದ ಸರಕಾರಗಳು ನ್ಯಾಯಾಲಯದ ಅಪ್ಪಣೆಯಿಂದ ಮರಳಿ ಬಂದವು. 1994ರಲ್ಲಿ ಕಾಗದದ ಮೇಲೆ ಮಾತ್ರ ಉಳಿದಿದ್ದ ಪರಿಹಾರವು ಬೇರೆಯವರ ಪಾಲಿಗೆ ಕೈಗೂಡಿತು. 2018ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿಯೇ ಹೊಸ ಮುಖ್ಯಮಂತ್ರಿಗಳ ಬಹುಮತದ ಬಗ್ಗೆ ವಿವಾದವೆದ್ದಾಗ, ರಾಜ್ಯಪಾಲರು ಕೊಟ್ಟಿದ್ದ ಹದಿನೈದು ದಿನಗಳ ಅವಧಿಯನ್ನು ಸುಪ್ರೀಮ್ ಕೋರ್ಟು ಮೊಟಕುಗೊಳಿಸಿ, ಮೇ 19ರ ಸಾಯಂಕಾಲ ನಾಲ್ಕು ಗಂಟೆಗೆ ವಿಧಾನಸಭೆಯಲ್ಲಿ ಎಣಿಕೆ ನಡೆಯಲೆಂದು ಆಜ್ಞಾಪಿಸಿತು. 1989ರ ಏಪ್ರಿಲ್ 27ರ ಸಭೆಯು ಕೂಡಬೇಕಾಗಿದ್ದ ಸೌಧವೇ ಅದು.